ಫೈಲುಗಳಿಗೆ ಬೀಗ ಬಿದ್ದರೆ: ರ‍್ಯಾನ್ಸಮ್‌ವೇರ್ ಕಚೇರಿಯೊಳಗೆ ಹೇಗೆ ಓಡಾಡುತ್ತದೆ, ಎಲ್ಲಿ ತಡೆಯಬೇಕು

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಇ-ಹಾಸ್ಪಿಟಲ್ ವ್ಯವಸ್ಥೆ ನಿಂತುಹೋಯಿತು. ನೋಂದಣಿ, ಮಾದರಿ ಸಂಗ್ರಹ, ವರದಿ, ಎಲ್ಲವೂ ಕಾಗದ-ಪೆನ್ನಿಗೆ ಬಂದವು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದಿತ್ತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಸಂಸತ್ತಿಗೆ ಕೊಟ್ಟ ಉತ್ತರಗಳಲ್ಲೇ ಇನ್ನೆರಡು ಮಾತುಗಳಿದ್ದವು, ಸುದ್ದಿಯಲ್ಲಿ ಅಷ್ಟಾಗಿ ಎದ್ದುಕಾಣದೆ ಹೋದವು. ಒಂದು, ಆಸ್ಪತ್ರೆಯ ನೆಟ್‌ವರ್ಕನ್ನು ಸರಿಯಾಗಿ ವಿಭಾಗ ಮಾಡಿರಲಿಲ್ಲ. ಎರಡು, ದಾಳಿ ತಾಗದ ಒಂದು ಬ್ಯಾಕಪ್ ಸರ್ವರ್ ಉಳಿದಿತ್ತು. ಅದರಲ್ಲಿದ್ದ ಮಾಹಿತಿಯನ್ನು ಹೊಸ ಸರ್ವರ್‌ಗಳಿಗೆ ತುಂಬಿ, ಎರಡು ವಾರಗಳ ನಂತರ ಹೆಚ್ಚಿನ ಸೇವೆಗಳನ್ನು ಮತ್ತೆ ಆರಂಭಿಸಲಾಯಿತು.

ಹತ್ತು ಕಂಪ್ಯೂಟರಿರುವ ಆಡಿಟರ್ ಕಚೇರಿಗೂ, ಸಹಕಾರ ಸಂಘಕ್ಕೂ, ಶಾಲೆಗೂ ಇದೇ ಎರಡು ಪ್ರಶ್ನೆ. ಒಳಗೆ ಬಂದದ್ದು ಎಲ್ಲಿಯವರೆಗೆ ಹೋಗಬಲ್ಲದು? ಅದರ ಕೈಗೆ ಎಟುಕದ ಪ್ರತಿ ಎಲ್ಲಿದೆ? ಆಂಟಿವೈರಸ್ ಯಾವ ಕಂಪನಿಯದು ಎಂಬ ಚರ್ಚೆ ಇವುಗಳ ನಂತರದ್ದು.

ಬೀಗ ಹಾಕುವುದು ಹೇಗೆ, ತೆಗೆಯಲು ಏಕೆ ಆಗುವುದಿಲ್ಲ

ರ‍್ಯಾನ್ಸಮ್ ಎಂದರೆ ಒತ್ತೆಹಣ. ಈ ಜಾತಿಯ ಪ್ರೋಗ್ರಾಂ ನಿಮ್ಮ ಫೈಲನ್ನು ಅಳಿಸುವುದಿಲ್ಲ. ಒಳಗಿನ ಅಕ್ಷರ-ಅಂಕಿಗಳನ್ನು ಒಂದು ರಹಸ್ಯ ಕೀಲಿಯಿಂದ ಕಲಸಿಟ್ಟು, ಕೀಲಿ ಬೇಕಾದರೆ ಹಣ ಕೊಡಿ ಎಂಬ ಚೀಟಿಯನ್ನು ಡೆಸ್ಕ್‌ಟಾಪಿನಲ್ಲಿ ಬಿಟ್ಟುಹೋಗುತ್ತದೆ. ಇದನ್ನೇ ಎನ್‌ಕ್ರಿಪ್ಷನ್ ಎನ್ನುವುದು. ಬ್ಯಾಂಕ್ ಆ್ಯಪ್ ನಿಮ್ಮ ಹಣವನ್ನು ಕಾಯಲು ಬಳಸುವ ವಿದ್ಯೆಯೂ ಇದೇ.

ಕೀಲಿ ತಯಾರಾಗುವುದು ನಮ್ಮ ಕಂಪ್ಯೂಟರಿನಲ್ಲೇ ತಾನೆ, ಹುಡುಕಿದರೆ ಸಿಗಬಾರದೇಕೆ? ದೇವಸ್ಥಾನದ ಹುಂಡಿಯನ್ನು ನೆನೆಸಿಕೊಳ್ಳಿ. ಕಾಣಿಕೆ ಹಾಕಲು ಯಾವ ಬೀಗದಕೈಯೂ ಬೇಡ. ಹಾಕಿದ್ದನ್ನು ಹೊರತೆಗೆಯಲು ಮಾತ್ರ ಬೇಕು. ದಾಳಿಕೋರರ ಪ್ರೋಗ್ರಾಂ ತನ್ನ ಜೊತೆ ಇಂಥದೊಂದು ಹುಂಡಿಯನ್ನು ಹೊತ್ತು ತರುತ್ತದೆ. ಫೈಲು ಕಲಸಲು ಬಳಸಿದ ಕೀಲಿಯನ್ನು ಅದರೊಳಗೆ ಹಾಕಿ, ಹೊರಗಿನ ಪ್ರತಿಯನ್ನು ಅಳಿಸುತ್ತದೆ. ಹುಂಡಿ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಬೀಗದಕೈ ಅವರ ಬಳಿ. ಆದ್ದರಿಂದ ಆಂಟಿವೈರಸ್ ಆ ಪ್ರೋಗ್ರಾಂ ಅನ್ನು ಪತ್ತೆಹಚ್ಚಿ ಅಳಿಸಿದರೂ ಫೈಲು ತೆರೆದುಕೊಳ್ಳುವುದಿಲ್ಲ. ಕಳ್ಳನನ್ನು ಹೊರದಬ್ಬಿದ ಮೇಲೂ ಅವನು ಜಡಿದ ಬೀಗ ಹಾಗೇ ಇರುತ್ತದೆ.

ಈಗಿನ ಗುಂಪುಗಳು ಬೀಗ ಹಾಕುವ ಮೊದಲು ಫೈಲುಗಳ ನಕಲನ್ನೂ ಕದ್ದೊಯ್ದು, ಹಣ ಕೊಡದಿದ್ದರೆ ಬಹಿರಂಗ ಮಾಡುತ್ತೇವೆ ಎಂದು ಬೆದರಿಸುತ್ತವೆ. ಬ್ಯಾಕಪ್ ಇದ್ದರೆ ಕೆಲಸ ಮುಂದುವರಿಯುತ್ತದೆ, ಕಳವಾದ ಮಾಹಿತಿ ಮಾತ್ರ ವಾಪಸು ಬರುವುದಿಲ್ಲ. ಹಾಗಾಗಿ ಬ್ಯಾಕಪ್ಪಿನಷ್ಟೇ ತೂಕ ಒಳಗಿನ ಬಾಗಿಲುಗಳಿಗೂ ಇದೆ.

ಒಳಗೆ ಬರುವ ದಾರಿ

ಮೊದಲನೆಯದು ಇಮೇಲ್. ‘ಇನ್‌ವಾಯ್ಸ್.ಪಿಡಿಎಫ್’ ಎಂದು ಕಾಣುವ ಫೈಲಿನ ನಿಜವಾದ ಹೆಸರು ‘ಇನ್‌ವಾಯ್ಸ್.ಪಿಡಿಎಫ್.ಇಎಕ್ಸ್‌ಇ’ ಆಗಿರಬಹುದು, ಹೆಸರಿನ ಕೊನೆಯ ತುಂಡನ್ನು ವಿಂಡೋಸ್ ತಾನಾಗಿಯೇ ಮುಚ್ಚಿಡುತ್ತದೆ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರಿನಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಒತ್ತಿದರೆ ಪೂರ್ತಿ ಹೆಸರು ಕಾಣುತ್ತದೆ. ಇಂಟರ್‌ನೆಟ್ಟಿನಿಂದ ಬಂದ ವರ್ಡ್, ಎಕ್ಸೆಲ್ ಫೈಲುಗಳ ಮ್ಯಾಕ್ರೋಗಳನ್ನು, ಅಂದರೆ ಫೈಲಿನೊಳಗೇ ಕೂತ ಪುಟ್ಟ ಪ್ರೋಗ್ರಾಂಗಳನ್ನು, ಮೈಕ್ರೋಸಾಫ್ಟ್ 2022ರಿಂದ ತಾನೇ ತಡೆಯತೊಡಗಿತು. ಆಮೇಲೆ ದಾಳಿಕೋರರು ಜಿಪ್, ಐಎಸ್‌ಒ (ಇಡೀ ಡಿಸ್ಕಿನ ನಕಲು) ಮತ್ತು ಶಾರ್ಟ್‌ಕಟ್ ಫೈಲುಗಳತ್ತ ಹೊರಳಿದರು. ಬಿಲ್ಲು ಕಳಿಸುವವರಿಗೆ ಐಎಸ್‌ಒ ಫೈಲಿನ ಅಗತ್ಯವೇ ಇಲ್ಲ. ಅದು ಕಂಡರೆ ಅಲ್ಲೇ ನಿಲ್ಲಿ.

ಎರಡನೆಯದು ನಮ್ಮಲ್ಲಿ ತೀರಾ ಸಾಮಾನ್ಯ: ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ವಿಂಡೋಸ್, ಆಫೀಸ್, ಫೋಟೊಶಾಪ್‌ಗಳ ‘ಆಕ್ಟಿವೇಟರ್’ ಚಲಾಯಿಸುವ ಮುನ್ನ ಆಂಟಿವೈರಸ್ ಆಫ್ ಮಾಡಿ ಎಂಬ ಸೂಚನೆ ಇರುತ್ತದೆ. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆಯಿರಿ ಎಂದ ಹಾಗೆ. ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ ರ‍್ಯಾನ್ಸಮ್‌ವೇರ್ ಕುಟುಂಬ ಹರಡಿದ್ದು ಹೆಚ್ಚಾಗಿ ಇದೇ ದಾರಿಯಲ್ಲಿ.

ಮೂರನೆಯದು ರಿಮೋಟ್ ಡೆಸ್ಕ್‌ಟಾಪ್, ಅಂದರೆ ಮನೆಯಲ್ಲಿ ಕೂತು ಕಚೇರಿಯ ಕಂಪ್ಯೂಟರನ್ನು ಬಳಸುವ ಸೌಲಭ್ಯ. ಇದಕ್ಕಾಗಿ ರೂಟರಿನಲ್ಲಿ 3389ನೇ ಪೋರ್ಟನ್ನು, ಅಂದರೆ ಆ ಸಂಖ್ಯೆಯ ಬಾಗಿಲನ್ನು, ಹೊರಗಿನವರಿಗೆ ತೆರೆದಿಟ್ಟರೆ, ಇಂಟರ್‌ನೆಟ್ ತುಂಬ ಅಲೆಯುವ ಸ್ಕ್ಯಾನರ್‌ಗಳು ಬೇಗನೆ ಪತ್ತೆಹಚ್ಚಿ ಪಾಸ್‌ವರ್ಡ್ ಊಹಿಸಲು ಕೂರುತ್ತವೆ. 3389 ಬದಲು 33890 ಎಂದು ಸಂಖ್ಯೆ ಬದಲಿಸಿದರೆ ಪ್ರಯೋಜನವಿಲ್ಲ, ಅವು ಎಲ್ಲ ಸಂಖ್ಯೆಗಳನ್ನೂ ತಟ್ಟುತ್ತವೆ.

ನಾಲ್ಕನೆಯದಕ್ಕೆ ಯಾರೂ ಏನನ್ನೂ ಕ್ಲಿಕ್ ಮಾಡಬೇಕಿಲ್ಲ: ಅಪ್‌ಡೇಟ್ ಆಗದ ಕಂಪ್ಯೂಟರ್.

ಅಪ್‌ಡೇಟ್ ಮುಂದೂಡಿದರೆ ಆಗುವುದೇನು

ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ವಿಂಡೋಸಿನ ಫೈಲ್ ಹಂಚಿಕೆ ಭಾಗದಲ್ಲಿದ್ದ ಒಂದು ದೋಷಕ್ಕೆ ಅಪ್‌ಡೇಟ್ ಕೊಟ್ಟಿತು. ಮೇ 12ರಂದು ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಅದೇ ದೋಷವನ್ನು ಹಿಡಿದು ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹಬ್ಬಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಔಷಧಿ ಎರಡು ತಿಂಗಳ ಮೊದಲೇ ಬಂದಿತ್ತು, ಹಾಕಿಸಿಕೊಂಡಿರಲಿಲ್ಲ ಅಷ್ಟೆ. ಅಪ್‌ಡೇಟ್ ಹೊರಬಿದ್ದ ದಿನವೇ ಅದು ಯಾವ ಬಿರುಕನ್ನು ಮುಚ್ಚಿದೆ ಎಂದು ದಾಳಿಕೋರರೂ ಬಿಚ್ಚಿ ನೋಡುತ್ತಾರೆ. ‘ರಿಮೈಂಡ್ ಮಿ ಲೇಟರ್’ ಒತ್ತುತ್ತ ಹೋದಂತೆ, ಅವರಿಗೆ ಗೊತ್ತಿರುವ ಬಿರುಕು ನಿಮ್ಮ ಕಂಪ್ಯೂಟರಿನಲ್ಲಿ ತೆರೆದೇ ಇರುತ್ತದೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ಎಂದಿನಂತೆ ಓಡುತ್ತದೆ, ಹೊಸದಾಗಿ ಸಿಕ್ಕ ದೋಷಗಳಿಗೆ ಮಾತ್ರ ಔಷಧಿ ಬರುವುದಿಲ್ಲ. ಮನೆ ಬಳಕೆದಾರರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು; ಸಂಸ್ಥೆಗಳಿಗೆ ಹಣ ಕೊಟ್ಟು ಮೂರು ವರ್ಷದವರೆಗೆ ಮುಂದುವರಿಸುವ ಅವಕಾಶವಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಅದಿಲ್ಲದ ಹಳೆಯ ಯಂತ್ರ ಬ್ರೌಸರಿಗಷ್ಟೇ ಬಳಕೆಯಾಗುತ್ತಿದ್ದರೆ ಲಿನಕ್ಸ್ ಹಾಕಬಹುದು. ಯಾವುದೋ ಹಳೆಯ ಮಷೀನಿಗೆ ಜೋಡಿಸಿದ್ದು, ಬದಲಿಸಲು ಬರುವುದಿಲ್ಲ ಎಂದಾದರೆ ನೆಟ್‌ವರ್ಕ್ ಕೇಬಲ್ ಕಿತ್ತು ಒಂಟಿಯಾಗಿ ಓಡಿಸಿ.

ಒಂದು ಕಂಪ್ಯೂಟರಿನಿಂದ ಇಡೀ ಕಚೇರಿಗೆ

ಮುಂಬಾಗಿಲಿಗೆ ಮೂರು ಬೀಗ, ಒಳಗೆ ಹಜಾರದಿಂದ ಕೋಣೆಗೂ ಕೋಣೆಯಿಂದ ಉಗ್ರಾಣಕ್ಕೂ ಬಾಗಿಲೇ ಇಲ್ಲ. ಹೆಚ್ಚಿನ ಸಣ್ಣ ಕಚೇರಿಗಳ ನೆಟ್‌ವರ್ಕ್ ಹೀಗಿರುತ್ತದೆ. ರ‍್ಯಾನ್ಸಮ್‌ವೇರಿಗೆ ಅಲ್ಲಿ ಮಾಯಾವಿದ್ಯೆಯೇನೂ ಬೇಕಿಲ್ಲ. ಯಾರ ಲಾಗಿನ್ನಿನಲ್ಲಿ ಓಡುತ್ತಿದೆಯೋ ಅವರು ಬದಲಿಸಬಲ್ಲ ಫೈಲನ್ನೆಲ್ಲ ಅದೂ ಬದಲಿಸುತ್ತದೆ. ರಿಸೆಪ್ಷನ್ನಿನ ಕಂಪ್ಯೂಟರಿನಲ್ಲಿ ಸರ್ವರಿನ ಷೇರ್ಡ್ ಫೋಲ್ಡರ್ ‘ಝಡ್’ ಡ್ರೈವಾಗಿ ಕಾಣುತ್ತಿದ್ದರೆ, ಅದರ ಪಾಲಿಗೆ ಸಿ, ಡಿ, ಝಡ್ ಎಲ್ಲವೂ ಒಂದೇ. ಸರ್ವರಿಗೆ ಸೋಂಕೇ ತಾಗದಿದ್ದರೂ ಅದರಲ್ಲಿರುವ ಫೈಲಿಗೆ ಬೀಗ ಬೀಳುವುದು ಹೀಗೆ.

ಯಾರಿಗೋ ‘ಆಕ್ಸೆಸ್ ಡಿನೈಡ್’ ಬಂತು, ಫೋನು ಬಂತು, ಅವಸರದಲ್ಲಿ ಫೋಲ್ಡರಿಗೆ ‘ಎವ್ರಿವನ್ – ಫುಲ್ ಕಂಟ್ರೋಲ್’ ಕೊಟ್ಟಾಯಿತು. ಆಮೇಲೆ ಅದನ್ನು ತೆಗೆದವರಿಲ್ಲ. ವಿಂಡೋಸಿನಲ್ಲಿ ಷೇರಿಂಗ್ ಟ್ಯಾಬಿನ ಅನುಮತಿ ಬೇರೆ, ಸೆಕ್ಯುರಿಟಿ ಟ್ಯಾಬಿನ ಅನುಮತಿ ಬೇರೆ. ನೆಟ್‌ವರ್ಕಿನಿಂದ ಬಂದವರಿಗೆ ಎರಡರಲ್ಲಿ ಬಿಗಿಯಾದದ್ದು ಅನ್ವಯಿಸುತ್ತದೆ. ಒಂದು ಕಾಗದದ ಮೇಲೆ ಎಡಕ್ಕೆ ಫೋಲ್ಡರುಗಳು, ಮೇಲೆ ಸಿಬ್ಬಂದಿ ಹೆಸರು ಬರೆದು, ಯಾರು ಬದಲಿಸಬೇಕು, ಯಾರು ಓದಿದರೆ ಸಾಕು, ಯಾರಿಗೆ ಕಾಣಲೇಬಾರದು ಎಂದು ಗುರುತು ಹಾಕಿ. ಹನ್ನೆರಡು ಜನರ ಕಚೇರಿಯಲ್ಲಿ ಲೆಕ್ಕಪತ್ರದ ಫೋಲ್ಡರನ್ನು ನಿಜವಾಗಿ ಬದಲಿಸುವವರು ಇಬ್ಬರೋ ಮೂವರೋ ಇರುತ್ತಾರೆ. ಉಳಿದವರಿಗೆ ‘ರೀಡ್’ ಸಾಕು. ಓದುವ ಹಕ್ಕಷ್ಟೇ ಇರುವ ಲಾಗಿನ್ನಿನಿಂದ ಬಂದ ರ‍್ಯಾನ್ಸಮ್‌ವೇರ್ ಆ ಫೈಲಿಗೆ ಬೀಗ ಹಾಕಲಾರದು.

ಇನ್ನೊಂದು ದಾರಿ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್. ಕಂಪ್ಯೂಟರ್ ಅಳವಡಿಸಿದವರು ಎಲ್ಲ ಯಂತ್ರಕ್ಕೂ ಒಂದೇ ಪಾಸ್‌ವರ್ಡ್ ಇಟ್ಟಿರುತ್ತಾರೆ. ವಿಂಡೋಸ್ ಅದರ ಗುರುತನ್ನು, ಅಂದರೆ ಹ್ಯಾಶನ್ನು, ಪ್ರತಿ ಯಂತ್ರದಲ್ಲೂ ಇಟ್ಟುಕೊಳ್ಳುತ್ತದೆ. ಒಂದರಿಂದ ಆ ಗುರುತನ್ನು ಕದ್ದವರು ಅಸಲಿ ಪಾಸ್‌ವರ್ಡ್ ಗೊತ್ತಿಲ್ಲದೆಯೇ ಉಳಿದವುಗಳೊಳಗೆ ಹೋಗಲು ಅದನ್ನು ಬಳಸಬಲ್ಲರು. ಡೊಮೇನ್ ಇರುವ, ಅಂದರೆ ಎಲ್ಲರ ಲಾಗಿನ್ನನ್ನೂ ಒಂದೇ ಸರ್ವರಿನಿಂದ ನಿಭಾಯಿಸುವ ಕಚೇರಿಯಲ್ಲಿ ಇದಕ್ಕೆ ಮದ್ದು ವಿಂಡೋಸ್ ಲ್ಯಾಪ್ಸ್. ಪ್ರತಿ ಯಂತ್ರದ ಸ್ಥಳೀಯ ಅಡ್ಮಿನ್ ಪಾಸ್‌ವರ್ಡನ್ನು ಬೇರೆಬೇರೆಯಾಗಿಸಿ ಆಗಾಗ ತಾನೇ ಬದಲಿಸುತ್ತದೆ. 2023ರ ಏಪ್ರಿಲ್ ಅಪ್‌ಡೇಟಿನಿಂದ ಅದು ವಿಂಡೋಸಿನಲ್ಲೇ ಇದೆ. ಡೊಮೇನ್ ಇಲ್ಲದ ಕಡೆ ಕೈಯಾರೆ ಬೇರೆಬೇರೆ ಇಟ್ಟು, ಬರೆದ ಪುಸ್ತಕವನ್ನು ಬೀರುವಿನಲ್ಲಿಡಿ. ನಗಬೇಡಿ, ರಷ್ಯಾದಲ್ಲಿ ಕೂತವನ ಕೈ ಬೀರುವಿಗೆ ಎಟುಕುವುದಿಲ್ಲ.

ಒಂದೇ ಕಂಪ್ಯೂಟರ್ ಇದ್ದವರಿಗೆ

ಒಂದು ಗಂಟೆಯ ಕೆಲಸ. ಸೆಟ್ಟಿಂಗ್ಸಿನ ಅಕೌಂಟ್ಸ್ ಭಾಗದಲ್ಲಿ ಹೊಸ ಅಡ್ಮಿನಿಸ್ಟ್ರೇಟರ್ ಖಾತೆ ತೆರೆದು, ಅದರಲ್ಲಿ ಒಮ್ಮೆ ಲಾಗಿನ್ ಆಗಿ ನೋಡಿ. ಆಮೇಲೆ ದಿನಬಳಕೆಯ ನಿಮ್ಮ ಖಾತೆಯನ್ನು ‘ಸ್ಟ್ಯಾಂಡರ್ಡ್’ ಮಾಡಿ. ಈ ಕ್ರಮ ತಪ್ಪಬೇಡಿ. ಇನ್ನು ಮುಂದೆ ಯಾವುದಾದರೂ ಪ್ರೋಗ್ರಾಂ ತನ್ನನ್ನು ಅಳವಡಿಸಿಕೊಳ್ಳಲು ಹೊರಟರೆ ಪಾಸ್‌ವರ್ಡ್ ಕೇಳುತ್ತದೆ. ನೀವು ಏನನ್ನೂ ಅಳವಡಿಸದ ಹೊತ್ತಿನಲ್ಲಿ ಕೇಳಿದರೆ ಏನೋ ಎಡವಟ್ಟಾಗಿದೆ ಎಂದರ್ಥ.

ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದರ ಕೆಳಗೆ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್, ಅಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಇದೆ. ಸಾಮಾನ್ಯವಾಗಿ ಆಫ್ ಇರುತ್ತದೆ. ಆನ್ ಮಾಡಿದರೆ ಅಪರಿಚಿತ ಪ್ರೋಗ್ರಾಂಗಳು ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ಬದಲಿಸಲಾರವು. ತೊಂದರೆಯೆಂದರೆ ಕೆಲವು ಒಳ್ಳೆಯ ಪ್ರೋಗ್ರಾಂಗಳೂ ಸೇವ್ ಆಗುವುದಿಲ್ಲ ಎನ್ನತೊಡಗುತ್ತವೆ. ಆಗ ಪೂರ್ತಿ ಆಫ್ ಮಾಡಬೇಡಿ, ಆ ಒಂದಕ್ಕೆ ಮಾತ್ರ ‘ಅಲೋ ಆ್ಯನ್ ಆ್ಯಪ್’ ಮೂಲಕ ಅನುಮತಿ ಕೊಡಿ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಈ ಸೌಲಭ್ಯ ಕೆಲಸ ಮಾಡುವುದಿಲ್ಲ.

ಪಾಸ್‌ವರ್ಡಿನ ಬಲ ಮುಖ್ಯವಾಗಿ ಉದ್ದದಲ್ಲಿದೆ. ಹಲಸು, ಕೊಡೆ, ಮಂಗಳವಾರ, ಕಂಬಳಿ ಇಂಥ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಸಾಲಾಗಿ ಬರೆದರೆ ಇಪ್ಪತ್ತಕ್ಕೂ ಹೆಚ್ಚು ಅಕ್ಷರವಾಗುತ್ತದೆ, ನೆನಪಿಡುವುದೂ ಸುಲಭ. (ಇಲ್ಲಿ ಅಚ್ಚಾದ ನಾಲ್ಕನ್ನು ಬಿಟ್ಟು ಬೇರೆ ಹುಡುಕಿಕೊಳ್ಳಿ.) ಇಮೇಲ್ ಖಾತೆಗೆ ಎರಡನೇ ಹಂತದ ಪರಿಶೀಲನೆ ಇರಲಿ, ಉಳಿದ ಬಹುತೇಕ ಖಾತೆಗಳ ಪಾಸ್‌ವರ್ಡನ್ನು ಬದಲಿಸುವುದು ಅದರ ಮೂಲಕವೇ.

ನೆಟ್‌ವರ್ಕ್ ನೋಡಿಕೊಳ್ಳುವವರಿಗೆ

ರೂಟರಿನಿಂದ ಶುರುಮಾಡಿ. ಹೊರಗಿನವರಿಗೆ ತೆರೆದ ಪೋರ್ಟುಗಳ ಪಟ್ಟಿಯಿರುವ ಪೋರ್ಟ್ ಫಾರ್ವರ್ಡಿಂಗ್ ಪುಟ ತೆರೆದು ಪ್ರತಿ ಸಾಲಿಗೂ ಇದು ಯಾರಿಗಾಗಿ ಎಂದು ಕೇಳಿಕೊಳ್ಳಿ. ಮೂರು ವರ್ಷದ ಹಿಂದೆ ಸಿಸಿಟಿವಿ ಹಾಕಿದವರು ತೆರೆದಿಟ್ಟು ಹೋದ ಪೋರ್ಟ್ ಅಲ್ಲಿ ಸಿಗುವುದು ಅಪರೂಪವಲ್ಲ. ಉತ್ತರವಿಲ್ಲದ ಸಾಲನ್ನು ಅಳಿಸಿ. ಪ್ರೋಗ್ರಾಂಗಳು ನಿಮ್ಮನ್ನು ಕೇಳದೆಯೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿಯನ್ನು ನಿಲ್ಲಿಸಿ. ಹೊರಗಿನಿಂದ ಕೆಲಸ ಮಾಡಬೇಕಾದವರು ವಿಪಿಎನ್ ಎಂಬ ಗುಪ್ತ ಸುರಂಗದ ಮೂಲಕ, ಎರಡನೇ ಹಂತದ ಪರಿಶೀಲನೆಯೊಂದಿಗೆ ಬರಲಿ. ಹತ್ತು ಸಲ ಪಾಸ್‌ವರ್ಡ್ ತಪ್ಪಿದರೆ ಹತ್ತು ನಿಮಿಷ ಖಾತೆ ಮುಚ್ಚುವ ನಿಯಮ ಹಾಕಿ.

ಮುಂದಿನದು 445ನೇ ಪೋರ್ಟ್, ಫೈಲ್ ಹಂಚಿಕೆಯ ಹಾದಿ. ಪ್ರತಿ ಕಂಪ್ಯೂಟರಿಗೂ ಸರ್ವರಿನ ಜೊತೆ ಮಾತು ಬೇಕು. ರಿಸೆಪ್ಷನ್ನಿನ ಕಂಪ್ಯೂಟರಿಗೆ ಅಕೌಂಟೆಂಟರ ಕಂಪ್ಯೂಟರಿನ ಜೊತೆ ಏನು ಕೆಲಸ? ಸಿಬ್ಬಂದಿ ಯಂತ್ರಗಳ ವಿಂಡೋಸ್ ಫೈರ್‌ವಾಲಿನಲ್ಲಿ ಒಳಬರುವ 445 ಮತ್ತು 3389ನ್ನು ಮುಚ್ಚಿ, ನೀವು ಬಳಸುವ ಯಂತ್ರದ ವಿಳಾಸಕ್ಕೆ ಬೇಕಿದ್ದರೆ ವಿನಾಯಿತಿ ಕೊಡಿ. ಮರುದಿನವೇ ‘ಪ್ರಿಂಟ್ ಬರ್ತಿಲ್ಲ’ ಎಂಬ ದೂರು ಬರಬಹುದು. ಯಾರದೋ ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಜೋಡಿಸಿ ಹಂಚಿಕೊಂಡ ಪ್ರಿಂಟರ್ ಆ ಹಾದಿಯಲ್ಲೇ ಹೋಗುತ್ತಿತ್ತು. ಪ್ರಿಂಟರನ್ನು ನೇರವಾಗಿ ನೆಟ್‌ವರ್ಕಿಗೆ ಜೋಡಿಸಿ, ಸ್ಥಿರ ಐಪಿ ಕೊಟ್ಟರೆ ಸರಿಹೋಗುತ್ತದೆ.

ವನ್ನಾಕ್ರೈ ಬಂದ ದಾರಿಯಾದ ಎಸ್‌ಎಂಬಿ 1, ಅಂದರೆ ಫೈಲ್ ಹಂಚಿಕೆಯ ಹಳೆಯ ವಿಧಾನ, ಹಳೆಯ ಯಂತ್ರಗಳಲ್ಲಿ ಇನ್ನೂ ಇರಬಹುದು. ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ನಲ್ಲಿ ಎಸ್‌ಎಂಬಿ 1.0 ಎದುರಿನ ಗುರುತು ತೆಗೆಯಿರಿ. ಹಳೆಯ ಝೆರಾಕ್ಸ್ ಮಷೀನಿನ ಸ್ಕ್ಯಾನ್ ಫೋಲ್ಡರಿಗೆ ಬರುವುದು ನಿಂತರೆ ಮೊದಲು ಅದರ ಫರ್ಮ್‌ವೇರ್ ಅಪ್‌ಡೇಟ್ ಮಾಡಿ ನೋಡಿ. ಆಗದಿದ್ದರೆ ಇಮೇಲಿಗೆ ಅಥವಾ ಪೆನ್ ಡ್ರೈವಿಗೆ ಸ್ಕ್ಯಾನ್ ಮಾಡಿ. ಒಂದು ಮಷೀನಿಗಾಗಿ ಎಲ್ಲ ಕಂಪ್ಯೂಟರಿನಲ್ಲೂ ಅದನ್ನು ಮತ್ತೆ ಆನ್ ಮಾಡುವುದು ದುಬಾರಿ ಬೀಳುತ್ತದೆ.

ಏಮ್ಸ್ ಪ್ರಕರಣದಲ್ಲಿ ಹೇಳಿದ ‘ವಿಭಾಗ’ವನ್ನು ಮಾಡುವುದು ವಿಲ್ಯಾನ್ ಮೂಲಕ. ಮ್ಯಾನೇಜ್ಡ್ ಸ್ವಿಚ್ ಇದ್ದರೆ ಒಂದೇ ಪೆಟ್ಟಿಗೆಯನ್ನು ಹಲವು ಸ್ವಿಚ್ಚುಗಳಂತೆ ಬಳಸಬಹುದು: 10ನೇ ಸಂಖ್ಯೆಯ ವಿಲ್ಯಾನ್ ಸರ್ವರಿಗೆ, 20ನೆಯದು ಸಿಬ್ಬಂದಿಗೆ, 30ನೆಯದು ಕ್ಯಾಮೆರಾಗಳಿಗೆ, 40ನೆಯದು ಅತಿಥಿಗಳ ವೈಫೈಗೆ. ಇಲ್ಲಿ ಹಲವರು ಎಡವುವುದು ಒಂದೇ ಕಡೆ. ವಿಲ್ಯಾನ್ ಮಾಡುತ್ತಾರೆ, ಆದರೆ ರೂಟರ್ ನಾಲ್ಕರ ನಡುವೆಯೂ ಎಲ್ಲವನ್ನೂ ಸಾಗಿಸುತ್ತಿರುತ್ತದೆ. ಗೋಡೆ ಕಟ್ಟಿ ಬಾಗಿಲಿಗೆ ಕದವಿಡದ ಹಾಗೆ. ‘20ರಿಂದ 10ಕ್ಕೆ ಬೇಕಾದ ಪೋರ್ಟುಗಳು ಮಾತ್ರ, 30 ಮತ್ತು 40ರಿಂದ ಒಳಗೆ ಏನೂ ಬೇಡ’ ಎಂಬ ನಿಯಮ ಬರೆದು, ಅತಿಥಿ ವೈಫೈಗೆ ಸೇರಿದ ಫೋನಿನಿಂದ ಸರ್ವರಿನ ಐಪಿಗೆ ಪಿಂಗ್ ಮಾಡಿ ನೋಡಿ. ಉತ್ತರ ಬಂದರೆ ಕೆಲಸ ಮುಗಿದಿಲ್ಲ.

ಬ್ಯಾಕಪ್: ಸದಾ ಜೋಡಿಸಿಟ್ಟ ಡಿಸ್ಕ್ ಬ್ಯಾಕಪ್ ಅಲ್ಲ

ಯುಎಸ್‌ಬಿ ಡಿಸ್ಕನ್ನು ಸರ್ವರಿಗೆ ಸಿಕ್ಕಿಸಿ ವರ್ಷವಿಡೀ ಬಿಟ್ಟವರಿಗೆ ಡಿಸ್ಕ್ ಕೆಟ್ಟ ದಿನ ಅದು ಉಪಯೋಗಕ್ಕೆ ಬರುತ್ತದೆ, ರ‍್ಯಾನ್ಸಮ್‌ವೇರ್ ಬಂದ ದಿನ ಬರುವುದಿಲ್ಲ. ಅದಕ್ಕೂ ಬೀಗ ಬೀಳುತ್ತದೆ. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನು, ಅಂದರೆ ಶ್ಯಾಡೋ ಕಾಪಿಗಳನ್ನು, ಅಳಿಸಿಹಾಕುವುದು ಇಂಥ ಎಷ್ಟೋ ಪ್ರೋಗ್ರಾಂಗಳ ಮೊದಲ ಕೆಲಸ. ವಿಂಡೋಸಿನ ನಕಲು ಸಾಧನವಾದ ರೋಬೊಕಾಪಿಯ ‘ಮಿರರ್’ ಆಯ್ಕೆಯಿಂದ ರಾತ್ರಿ ನಕಲು ಮಾಡುವವರೂ ಎಚ್ಚರವಾಗಿರಬೇಕು. ಸಂಜೆ ಬೀಗ ಬಿದ್ದ ಫೈಲುಗಳನ್ನು ಅದು ರಾತ್ರಿ ನಿಷ್ಠೆಯಿಂದ ನಕಲಿಸಿ, ಹಳೆಯ ಒಳ್ಳೆಯ ಪ್ರತಿಯನ್ನು ಅಳಿಸುತ್ತದೆ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳ ಸಿಂಕ್ ಕೂಡ ಹಾಗೆಯೇ, ಕೆಟ್ಟದ್ದನ್ನೂ ಮೇಲಕ್ಕೆ ಕಳಿಸುತ್ತದೆ. ಹಳೆಯ ಆವೃತ್ತಿ ಕೆಲಕಾಲ ಅಲ್ಲಿ ಸಿಗುತ್ತದೆ ನಿಜ. ಗೂಗಲ್ ಡ್ರೈವಿನಲ್ಲಿ ಸಾಮಾನ್ಯ ಫೈಲಿನ ಹಳೆಯ ಆವೃತ್ತಿಗಳು 30 ದಿನ ಅಥವಾ 100 ಆವೃತ್ತಿ ದಾಟಿದರೆ ಅಳಿದುಹೋಗಬಹುದು.

ಜಗತ್ತಿನಾದ್ಯಂತ ಪಾಲಿಸುವ ನಿಯಮವೊಂದಿದೆ: 3-2-1. ಅಸಲಿ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಸಣ್ಣ ಕಚೇರಿಗೆ ಇದು ಎರಡು ಯುಎಸ್‌ಬಿ ಡಿಸ್ಕಿನಲ್ಲಿ ಮುಗಿಯುತ್ತದೆ. ಒಂದರ ಮೇಲೆ ‘ಅ’, ಇನ್ನೊಂದರ ಮೇಲೆ ‘ಆ’ ಎಂದು ಬರೆಯಿರಿ. ಈ ವಾರ ‘ಅ’ ಸಿಕ್ಕಿಸಿ, ನಕಲಾದ ಮೇಲೆ ಕಿತ್ತು ಮನೆಗೆ ಒಯ್ಯಿರಿ. ಮುಂದಿನ ವಾರ ‘ಆ’. ಎರಡೂ ಒಟ್ಟಿಗೆ ಕಚೇರಿಯಲ್ಲಿ ಇರಲೇಬಾರದು. ಸೆಕೆಂಡಿಗೆ 100 ಮೆಗಾಬೈಟ್ ವೇಗದ ಡಿಸ್ಕಿಗೆ 1 ಟೆರಾಬೈಟ್ ತುಂಬಲು ಸುಮಾರು ಮೂರು ಗಂಟೆ ಸಾಕು. ಅಷ್ಟನ್ನೇ 100 ಎಂಬಿಪಿಎಸ್ ಇಂಟರ್‌ನೆಟ್ ಮೂಲಕ ತರಲು 22 ಗಂಟೆಗೂ ಹೆಚ್ಚು ಬೇಕು. ಬರೀ ಕ್ಲೌಡ್ ನಂಬಿದವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ದಿನವೂ ಬ್ಯಾಕಪ್ ಬೇಕೆಂದರೆ ನಾಸ್, ಅಂದರೆ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ. ಇದರಲ್ಲಿ ನೋಡಬೇಕಾದ್ದು ನಕಲು ಯಾವ ದಿಕ್ಕಿನಿಂದ ಆಗುತ್ತದೆ ಎಂಬುದು. ಸರ್ವರ್ ತಾನೇ ನಾಸಿಗೆ ‘ತಳ್ಳಿದರೆ’ ಸರ್ವರಿನ ಬಳಿ ನಾಸಿನ ಪಾಸ್‌ವರ್ಡ್ ಇರಲೇಬೇಕು, ಸರ್ವರ್ ಹಿಡಿದವನಿಗೆ ಅದೂ ಸಿಕ್ಕಿತು. ಬದಲಿಗೆ ನಾಸ್ ತಾನೇ ಸರ್ವರಿಗೆ ಓದುವ ಹಕ್ಕಿನಿಂದ ಬಂದು ‘ಎಳೆದುಕೊಂಡರೆ’ ನಾಸಿನ ಪಾಸ್‌ವರ್ಡ್ ಯಾವ ಕಂಪ್ಯೂಟರಿನಲ್ಲೂ ಇರಬೇಕಿಲ್ಲ. ನಾಸನ್ನು ಡೊಮೇನಿಗೆ ಸೇರಿಸಬೇಡಿ. ಆಯಾ ಹೊತ್ತಿನ ಫೈಲುಗಳನ್ನು ಹಾಗೇ ಉಳಿಸಿಡುವ ಸ್ನ್ಯಾಪ್‌ಶಾಟ್ ಆನ್ ಮಾಡಿ, 14 ದಿನಗಳದ್ದು ಮತ್ತು 8 ವಾರಗಳದ್ದು ಉಳಿಯುವಂತೆ ಇಡಿ. ಬೀಗ ಬಿದ್ದ ಫೈಲನ್ನು ಅದು ಎಳೆದುಕೊಂಡರೂ ನಿನ್ನೆಯದು ಕೆಳಗೆ ಇರುತ್ತದೆ.

ಲೆಕ್ಕಪತ್ರದ ಸಾಫ್ಟ್‌ವೇರ್ ತೆರೆದಿರುವಾಗ ಅದರ ಡೇಟಾ ಫೋಲ್ಡರನ್ನು ಸುಮ್ಮನೆ ನಕಲಿಸಿದರೆ ಅರ್ಧ ಬರೆದ ಫೈಲು ಬರಬಹುದು. ಅದರದೇ ಬ್ಯಾಕಪ್ ಆಯ್ಕೆಯಿಂದ ಪ್ರತಿ ತೆಗೆದು, ಆ ಪ್ರತಿಯನ್ನು ನಕಲಿಸಿ.

ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದೂ ನೋಡಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರಿಂದ ಅಸಲಿ ಡೇಟಾಬೇಸ್ ಅಳಿಸಿಹೋಯಿತು. ಬ್ಯಾಕಪ್ಪಿಗೆಂದು ಐದು ವಿಧಾನಗಳಿದ್ದವು, ಹುಡುಕಿದಾಗ ಒಂದೂ ನೆಚ್ಚುವಂತಿರಲಿಲ್ಲ. ಯಾರೋ ಅದೃಷ್ಟಕ್ಕೆ ಆರು ಗಂಟೆ ಮೊದಲು ತೆಗೆದಿದ್ದ ಪ್ರತಿ ಕಾಪಾಡಿತು. ವೃತ್ತಿಪರರ ಮನೆಯ ಕಥೆಯೇ ಇದು. ‘ಬ್ಯಾಕಪ್ ಸಕ್ಸಸ್‌ಫುಲ್’ ಎಂಬ ಹಸಿರು ಗುರುತು ನಕಲು ಮಾಡುವ ಕೆಲಸ ಮುಗಿಯಿತು ಎನ್ನುತ್ತದೆ, ನಕಲಾದದ್ದು ತೆರೆಯುತ್ತದೆ ಎನ್ನುವುದಿಲ್ಲ.

ಬೀಗ ಬಿದ್ದೇಬಿಟ್ಟರೆ

ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಎಷ್ಟು ಯಂತ್ರಕ್ಕೆ ತಾಗಿದೆ ಗೊತ್ತಿಲ್ಲದಿದ್ದರೆ ಸ್ವಿಚ್ಚನ್ನೇ ಆಫ್ ಮಾಡಿ. ಕಂಪ್ಯೂಟರನ್ನು ಮಾತ್ರ ಆಫ್ ಮಾಡಬೇಡಿ. ತನಿಖೆಗೆ ಬೇಕಾದ ಸುಳಿವು ಅದರ ಮೆಮೊರಿಯಲ್ಲಿ ಇರಬಹುದು. ನೆಟ್‌ವರ್ಕಿನಿಂದ ಬೇರ್ಪಡಿಸಲು ಆಗದೇ ಇದ್ದರಷ್ಟೇ ಆಫ್ ಮಾಡಿ. ಚೀಟಿಯ ಮತ್ತು ಫೈಲುಗಳ ಹೊಸ ಹೆಸರಿನ ಫೋಟೊ ತೆಗೆಯಿರಿ. ಫಾರ್ಮ್ಯಾಟ್ ಮಾಡುವ ಅವಸರ ಬೇಡ.

ಭಾರತದಲ್ಲಿ ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ಇಂಥ ಘಟನೆಯನ್ನು ತಿಳಿದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕು. 180 ದಿನಗಳ ಲಾಗ್, ಅಂದರೆ ಕಂಪ್ಯೂಟರುಗಳ ಚಟುವಟಿಕೆಯ ದಾಖಲೆ, ಉಳಿಸಿಕೊಂಡಿರಬೇಕು. 2022ರ ಏಪ್ರಿಲ್ 28ರ ನಿರ್ದೇಶನವಿದು. ಸಹಾಯವಾಣಿ 1800-11-4949. ಹಣ ಕಳೆದುಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ.

ಒತ್ತೆಹಣ ಕೊಟ್ಟವರಿಗೆಲ್ಲ ಕೀಲಿ ಸಿಗುತ್ತದೆ, ಸಿಕ್ಕಿದ್ದು ಕೆಲಸ ಮಾಡುತ್ತದೆ ಎಂಬ ಖಾತರಿಯಿಲ್ಲ. ಯುರೋಪೋಲ್, ಡಚ್ ಪೊಲೀಸ್ ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಗಳ ಕೀಲಿ ಉಚಿತವಾಗಿ ಸಿಗುತ್ತದೆ. ಈಗ ಇಲ್ಲದಿದ್ದರೂ ಆರು ತಿಂಗಳಲ್ಲಿ ಬರಬಹುದು, ಅದಕ್ಕೇ ಬೀಗ ಬಿದ್ದ ಫೈಲುಗಳನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡಿರಿ.

ಮರುಸ್ಥಾಪನೆ ಶುರುವಾಗುವ ಹೊತ್ತಿಗೆ ದಾಳಿ ಬಂದ ಬಾಗಿಲು ಮುಚ್ಚಿರಬೇಕು, ಪಾಸ್‌ವರ್ಡುಗಳೆಲ್ಲ ಸೋಂಕಿಲ್ಲದ ಕಂಪ್ಯೂಟರಿನಿಂದ ಬದಲಾಗಿರಬೇಕು. ಇಲ್ಲದಿದ್ದರೆ ಅದೇ ವಾರ ಮತ್ತೆ ಬೀಗ ಬೀಳಬಹುದು. ಮನೆಯಿಂದ ತಂದ ಬ್ಯಾಕಪ್ ಡಿಸ್ಕನ್ನು ಹೊಸದಾಗಿ ವಿಂಡೋಸ್ ಹಾಕಿದ, ನೆಟ್‌ವರ್ಕಿಗೆ ಸೇರಿಸದ ಕಂಪ್ಯೂಟರಿಗೆ ಮಾತ್ರ ಸಿಕ್ಕಿಸಿ. ಸಿಕ್ಕಿಸಿದ ಕೂಡಲೇ ಮಾಡುವ ಮೊದಲ ಕೆಲಸ, ಅದರದೇ ಇನ್ನೊಂದು ಪ್ರತಿ.